ಹಚ್ಚೆ ಚುಚ್ಚಿದ ಕೈ ಯಾರದು?

ಹಚ್ಚೆಯ ಬಗ್ಗೆ ಕನ್ನಡದಲ್ಲಿ ಬರೆದವರು ಹೆಚ್ಚಾಗಿ ಜಾನಪದದ ಮೇಷ್ಟರುಗಳು. ತೊಟ್ಟಿಲು, ಬಾಸಿಂಗ, ತೇರು, ತುಳಸಿಕಟ್ಟೆ, ಚೇಳು, ಜೋಡಿ ನವಿಲು ಎಂದು ಆಕೃತಿಗಳನ್ನು ಬಿಡಿಸಿ, ಕೆಳಗೆ ಊರು ತಾಲ್ಲೂಕಿನ ಹೆಸರು ಬರೆದು, ಇದು ನಮ್ಮ ಹಳ್ಳಿಯ ಹೆಣ್ಣುಮಕ್ಕಳ ಸೌಂದರ್ಯಪ್ರಜ್ಞೆ ಎಂದು ಸಂತೋಷಪಟ್ಟಿದ್ದಾರೆ. ಸಂತೋಷಪಡಲಿ, ತಕರಾರಿಲ್ಲ. ಆದರೆ ಆ ತೊಟ್ಟಿಲನ್ನು ಚುಚ್ಚಿದ ಕೈ ಯಾರದು ಎಂದು ಕೇಳಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ ಪದದ್ದು: ಕೊರವಂಜಿ. ಅದು ಹೆಸರಲ್ಲ, ಜಾತಿ.

ದಲಿತ ವಿಮರ್ಶೆಯೂ ಈ ಕೈಯನ್ನು ವಿಚಾರಿಸಿಕೊಂಡದ್ದು ಕಡಿಮೆ. ನಮಗೆ ತಮಟೆ ಕೇಳಿಸಿದೆ, ಹೋರಾಟದ ಹಾಡು ಕೇಳಿಸಿದೆ, ಆತ್ಮಕಥೆಯನ್ನು ಓದಲಿಕ್ಕೆ ಬಂದಿದೆ. ಸದ್ದಿಲ್ಲದ, ಅಕ್ಷರವಿಲ್ಲದ, ಚರ್ಮದ ಮೇಲೆ ಮಾತ್ರ ಇದ್ದು ಆ ಚರ್ಮದ ಜೊತೆಗೇ ಮಣ್ಣಾಗುವ ಬರಹವನ್ನು ಹೇಗೆ ಓದುವುದು ಎಂಬ ಪ್ರಶ್ನೆಯನ್ನು ನಾವು ಕೈಗೆತ್ತಿಕೊಂಡಿಲ್ಲ. ಹಾಗಾಗಿ ಹಚ್ಚೆ ಎಂದರೆ ಏನು, ಅದನ್ನು ಮಾಡುತ್ತಿದ್ದವರು ಯಾರು, ಅದು ನಿಂತದ್ದು ಯಾಕೆ ಎಂಬುದನ್ನು ಇಲ್ಲಿ ಆದಷ್ಟು ಬಿಡಿಸಿ ಹೇಳಲು ನೋಡುತ್ತೇನೆ. ಆಧಾರ ಮೂರು: ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಸುತ್ತಿನಲ್ಲಿ ಐವತ್ತು ವರ್ಷ ಹಚ್ಚೆ ಹಾಕಿ ಈಗ ಸೂಜಿ ಕೆಳಗಿಟ್ಟಿರುವ, ಎಂಬತ್ತರ ಆಸುಪಾಸಿನ ಕೊರಮರ ಅಜ್ಜಿಯೊಬ್ಬಳ ಮಾತು, ನಮ್ಮ ಹಟ್ಟಿಯ ಮುದುಕಿಯರ ತೋಳು, ಮತ್ತು ಅಚ್ಚಾಗಿರುವ ಕೆಲವು ಪುಸ್ತಕ. ಅಜ್ಜಿಯ ಹೆಸರನ್ನು ಇಲ್ಲಿ ಹಾಕಿಲ್ಲ. ಅದಕ್ಕೆ ಕಾರಣವಿದೆ, ಮುಂದೆ ಬರುತ್ತದೆ.

ಪದದಿಂದಲೇ ಶುರುಮಾಡೋಣ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತು, ಪಾಲು ಹಾಲಾದಂತೆ, ಪೂ ಹೂವಾದಂತೆ. ಪಚ್ಚೆ ಎನ್ನುವುದು ಹಚ್ಚೆಯಾದದ್ದೂ ಹೀಗೆಯೇ. ಗಡಿಯಾಚೆ ತೆಲುಗರು ಇಂದಿಗೂ ಪಚ್ಚಬೊಟ್ಟು ಎನ್ನುತ್ತಾರೆ. ಪಾವಗಡ ಮೂರು ಕಡೆ ಆಂಧ್ರ ಸುತ್ತುವರಿದಿರುವ ತಾಲ್ಲೂಕಾದ್ದರಿಂದ ನಮ್ಮಲ್ಲಿ ಎರಡೂ ಮಾತು ನಡೆಯುತ್ತವೆ. ತಮಾಷೆ ಏನೆಂದರೆ, ಪಕಾರವನ್ನು ಉಳಿಸಿಕೊಂಡ ಪಚ್ಚೆ ಕನ್ನಡದಲ್ಲಿ ರತ್ನವಾಗಿ ಉಳ್ಳವರ ಉಂಗುರ ಸೇರಿತು. ಹಕಾರಕ್ಕೆ ತಿರುಗಿದ್ದು ಇಲ್ಲದವರ ಚರ್ಮ ಸೇರಿತು.

ಹೆಸರು ಹಸಿರಿನದಾದರೂ ಹಾಕುವ ಬಣ್ಣ ಕಪ್ಪು. ಮಸಿಯ ಕಣಗಳು ತೊಗಲಿನ ಒಳಪದರದಲ್ಲಿ ಕೂತು, ಮೇಲಿನ ಪದರದ ಮೂಲಕ ಕಾಣಿಸುವಾಗ ನೀಲಿಯಾಗಿ, ಹಸಿರಾಗಿ ಕಾಣುತ್ತವೆ. ಈ ಮಸಿ ಮಾಡುವ ಬಗೆಯನ್ನು ಮದರಾಸು ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಎಡ್ಗರ್ ಥರ್ಸ್ಟನ್ 1906ರ ತನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಅಗಸೆ ಮರದ ಸೊಪ್ಪು ಮತ್ತು ಅರಿಶಿಣವನ್ನು ಅರೆದು ತೆಳು ಬಟ್ಟೆಗೆ ಬಳಿದು, ಬತ್ತಿ ಹೊಸೆದು, ಹರಳೆಣ್ಣೆಯ ದೀಪದಲ್ಲಿ ಉರಿಸುವುದು. ದೀಪದ ಮೇಲೆ ಹೊಸ ಮಡಕೆ ಬೋರಲು ಹಾಕಿ, ಒಳಗೆ ಕಟ್ಟಿದ ಕಾಡಿಗೆಯನ್ನು ಕೆರೆದು, ಎದೆಹಾಲಿನಲ್ಲೋ ನೀರಿನಲ್ಲೋ ಕಲಸುವುದು. ನಮ್ಮ ಅಜ್ಜಿ ಹೇಳಿದ್ದೂ ಹೆಚ್ಚುಕಡಿಮೆ ಇದೇ. ಸೊಪ್ಪು ಮಾತ್ರ ಸಿಕ್ಕಿದ್ದು. 'ಯಾವ ಸೊಪ್ಪಾದ್ರೇನು ನಾಯ್ನಾ, ಮಸಿ ಮಸೀನೇ. ಹಾಲು ಮಾತ್ರ ಬಾಣಂತೀದೇ ಆಗ್ಬೇಕು' ಎಂದಳು. ಅದೇ ಥರ್ಸ್ಟನ್ ನಮ್ಮವರ ತಲೆ ಮೂಗುಗಳನ್ನು ಅಳೆದು ಜಾತಿಗಳ ಲೆಕ್ಕ ಬರೆದವನು ಎಂಬುದನ್ನು ಮರೆಯಬೇಕಿಲ್ಲ. ಆದರೂ ಮಸಿಯ ವಿವರಕ್ಕೆ ಅವನಿಗೆ ಋಣಿ. ಕೂಲಿಯನ್ನೂ ಅವನು ಬರೆದಿದ್ದಾನೆ: ಒಂದು ಚುಕ್ಕಿಗೆ ಕಾಲಾಣೆ, ದೊಡ್ಡ ಚಿತ್ತಾರಕ್ಕೆ ಹನ್ನೆರಡಾಣೆಯವರೆಗೆ, ಒಳನಾಡಿನ ಹಳ್ಳಿಗಳಲ್ಲಿ ಕಾಸಿಲ್ಲ, ಅಕ್ಕಿ, ಬಾಳೆಹಣ್ಣು, ಎಲೆ ಅಡಿಕೆ.

ಇನ್ನು ಚುಚ್ಚುವ ಕೆಲಸ. ಮೂರು ನಾಲ್ಕು ಸೂಜಿಗಳನ್ನು ಮೊನೆ ಸಮನಾಗಿ ನಿಲ್ಲುವಂತೆ ದಾರದಲ್ಲಿ ಬಿಗಿದು ಕಟ್ಟುತ್ತಾರೆ. ಕಡ್ಡಿಯನ್ನು ಮಸಿಯಲ್ಲಿ ಅದ್ದಿ ಮೊದಲು ಎಳೆ ಬರೆಯುತ್ತಾರೆ. ಎಡಗೈಯ ಹೆಬ್ಬೆಟ್ಟು ತೋರುಬೆರಳಿನಿಂದ ತೊಗಲನ್ನು ಎಳೆದು ಹಿಡಿದು, ಬಲಗೈಯಲ್ಲಿ ಎಳೆಯ ಮೇಲೆ ಕುಟ್ಟಿಕೊಂಡು ಹೋಗುತ್ತಾರೆ. ರಕ್ತ ಜಿನುಗುತ್ತದೆ, ತಣ್ಣೀರಲ್ಲಿ ಒರೆಸುತ್ತಾರೆ, ಮತ್ತೆ ಮಸಿ, ಮತ್ತೆ ಸೂಜಿ. ಕಡೆಗೆ ಅರಿಶಿಣ ಮೆತ್ತುತ್ತಾರೆ. ಊತ ಇಳಿಯುವುದಕ್ಕೂ ಅದೇ, ಬಣ್ಣ ಏಳುವುದಕ್ಕೂ ಅದೇ. ವಾರದಲ್ಲಿ ಹಕ್ಕಳೆ ಉದುರುತ್ತದೆ. ಹುಡುಗಿ ನೋವು ಮರೆಯಲಿ ಅಂತ ಈ ಹೊತ್ತೆಲ್ಲ ಹಾಡುತ್ತಿರುತ್ತಾರೆ. ಆ ಹಾಡುಗಳು ಪದಸಂಗ್ರಹಗಳಿಗೆ ಸೇರಿವೆ, ಹಾಡಿದ ಬಾಯಿ ಸೇರಿಲ್ಲ.

ಕಸುಬು ಎಲ್ಲಿದೆ ಎಂದರೆ ಆಳದಲ್ಲಿ. ತೊಗಲಿನ ಮೇಲ್ಪದರ ತಿಂಗಳೊಪ್ಪತ್ತಿನಲ್ಲಿ ಸವೆದು ಹೊಸದಾಗುತ್ತಲೇ ಇರುತ್ತದೆ. ಸೂಜಿ ಅಷ್ಟರಲ್ಲೇ ನಿಂತರೆ ಹಚ್ಚೆ ಉದುರಿಹೋಗುತ್ತದೆ. ತೀರಾ ಒಳಗಿಳಿದರೆ ರಕ್ತ ಹೆಚ್ಚಿ, ಮಸಿ ಹರಡಿ, ಎಳೆ ಕೆಡುತ್ತದೆ. ನಡುವೆ ಕೂದಲೆಳೆಯಷ್ಟು ಅಂತರದಲ್ಲಿ ಸೂಜಿ ನಿಲ್ಲಬೇಕು. ಅಲ್ಲಿ ಕೂತ ಮಸಿಯ ಕಣಗಳನ್ನು ಮೈಯನ್ನು ಕಾಯುವ ಜೀವಕೋಶಗಳು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ; ಒಂದು ಕೋಶ ಸತ್ತು ಕಣ ಬಿಟ್ಟರೆ ಪಕ್ಕಕ್ಕೆ ಬಂದ ಹೊಸ ಕೋಶ ಅದನ್ನು ಎತ್ತಿಕೊಳ್ಳುತ್ತದೆ ಎಂದು 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು. ಹಚ್ಚೆ ಸಾಯುವತನಕ ಉಳಿಯುವುದು ಹೀಗೆ. ಈ ಅಳತೆಯನ್ನು ಅಜ್ಜಿ ಕಲಿತದ್ದು ತನ್ನದೇ ಮೈಯ ಮೇಲೆ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಅವಳ ತಾಯಿ ಸೂಜಿ ಕೊಟ್ಟು, ಮೊದಲು ನಿನ್ನ ಕಾಲಿಗೆ ಹಾಕ್ಕೋ ಅಂದಳಂತೆ. ಎಡಗಾಲ ಮೀನಖಂಡದ ಮೇಲೆ ಇಪ್ಪತ್ತು ಮೂವತ್ತು ಚುಕ್ಕಿ ಇವೆ. ಕೆಲವು ಮಾಸಿವೆ, ಕೆಲವು ಹರಡಿವೆ, ಕಡೆಯ ಸಾಲು ಮಾತ್ರ ಸಾಸಿವೆ ಇಟ್ಟಹಾಗೆ ಸ್ಪಷ್ಟವಾಗಿದೆ. ನಾನು ಕಂಡಂತೆ ಅವಳ ವಿದ್ಯಾಭ್ಯಾಸದ ದಾಖಲೆ ಅದೊಂದೇ.

ಸುಗ್ಗಿ ಮುಗಿದು ಕಣದಲ್ಲಿ ಕಾಳು ಬಿದ್ದ ಮೇಲೆ ಇವರ ತಿರುಗಾಟ. ಮಳೆಗಾಲದಲ್ಲಿ ಗಾಯ ಕೀವಾಗುತ್ತದೆಂದು ಹಾಕುತ್ತಿರಲಿಲ್ಲ. ಬಿದಿರ ಬುಟ್ಟಿಯಲ್ಲಿ ಸೂಜಿ, ಮಸಿಯ ಕರಟ, ಮಾರಲಿಕ್ಕೆ ಬಾಚಣಿಗೆ, ಮಣಿ, ದಬ್ಬಳ. ನಾಗಲಮಡಿಕೆಯ ಸುಬ್ರಹ್ಮಣ್ಯನ ಜಾತ್ರೆ, ಅಲ್ಲಿಂದ ಮಡಕಶಿರಾ ಕಡೆ, ಪೆನುಕೊಂಡೆ ಕಡೆ, ತಿರುಗಿ ಪಾವಗಡ. ಕನ್ನಡದವರ ಮನೆಯಲ್ಲಿ ಕನ್ನಡ, ತೆಲುಗರ ಮನೆಯಲ್ಲಿ ತೆಲುಗು, ಗುಡಿಸಿಲಲ್ಲಿ ತಮಿಳಿಗೆ ಹತ್ತಿರದ ತಮ್ಮದೇ ಮಾತು. ಅಕ್ಷರ ಯಾವ ಭಾಷೆಯದೂ ಬಾರದು. ಆದರೂ ಅಕ್ಷರ ಚುಚ್ಚಿದ್ದಾಳೆ. ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದ ಹೆಂಗಸರು ಅದನ್ನು ತೋಳಿನ ಮೇಲೆ ಬರೆಸಿಕೊಳ್ಳುತ್ತಿದ್ದರು. ಇಸ್ಕೂಲಿಗೆ ಹೋಗುವ ಹುಡುಗನೊಬ್ಬ ಇದ್ದಲಲ್ಲಿ ನೆಲದ ಮೇಲೆ ಬರೆದು ತೋರಿಸಿದರೆ, ಅಜ್ಜಿ ಅದನ್ನು ಚೇಳನ್ನೋ ನವಿಲನ್ನೋ ನೋಡಿಕೊಂಡಂತೆ ನೋಡಿಕೊಂಡು ಚುಚ್ಚುತ್ತಿದ್ದಳು. ನಮ್ಮ ಮನೆಯ ಮುದುಕಿಯ ತೋಳಲ್ಲಿ ಅವಳ ಅಣ್ಣನ ಹೆಸರಿದೆ. ತಲಕಟ್ಟು ಕನ್ನಡದ್ದೋ ತೆಲುಗಿನದೋ ಇವತ್ತಿಗೂ ನಿರ್ಧಾರವಾಗಿಲ್ಲ.

ಈಗ ಈ ಸಂಚಿಕೆಗೆ ಸಂಬಂಧಪಟ್ಟ ಮಾತಿಗೆ ಬರುತ್ತೇನೆ. ಹಚ್ಚೆ ಎಂಬುದು ಮುಟ್ಟದೆ ಮಾಡಲಾಗದ ಕೆಲಸ. ಮುಟ್ಟುವುದಷ್ಟೇ ಅಲ್ಲ, ಹಿಡಿದುಕೊಳ್ಳಬೇಕು, ರಕ್ತ ಒರೆಸಬೇಕು, ಯಾರೋ ಬಾಣಂತಿಯ ಎದೆಹಾಲನ್ನು ಇನ್ನೊಬ್ಬಳ ಮೈಯೊಳಗೆ ಇಳಿಸಬೇಕು. ಮಡಿಮೈಲಿಗೆಯ ಶಾಸ್ತ್ರ ಏನೇನನ್ನು ಹೊಲೆ ಎನ್ನುತ್ತದೋ ಅದೆಲ್ಲ ಇಲ್ಲಿ ಒಂದೇ ಜಗಲಿಯ ಮೇಲೆ ನಡೆಯುತ್ತಿತ್ತು. ಆ ಶಾಸ್ತ್ರವನ್ನು ಪಾಲಿಸುವ ಮನೆಗಳ ಹುಡುಗಿಯರೇ ತೋಳು ನೀಡುತ್ತಿದ್ದರು, ಯಾಕೆಂದರೆ ಬೋಳು ಮೈಯಲ್ಲಿ ಗಂಡನ ಮನೆಗೆ ಹೋಗಬಾರದು. ಮುಟ್ಟಿಸಿಕೊಂಡ ಮೇಲೆ ಸ್ನಾನ, ಅಷ್ಟೆ. ಸ್ನಾನ ಮಾಡಿದರೆ ಹಚ್ಚೆ ಹೋಗುತ್ತದೆಯೇ? ಕೊರಮಳ ಕೈ ತೊಗಲಿನ ಒಳಗೇ ಉಳಿಯಿತು.

ಇಷ್ಟು ಹೇಳಿ ಇದೊಂದು ಪ್ರತಿಭಟನೆ ಎಂದು ಘೋಷಿಸಿಬಿಡುವುದು ಸುಲಭ. ನಮ್ಮ ಕಡೆಯ ಕೆಲವು ಉತ್ಸಾಹಿಗಳು ಹಾಗೆ ಮಾಡುತ್ತಾರೆ. ಆದರೆ ಹಟ್ಟಿಯ ಕಡೆಯಿಂದ ನೋಡಿದರೆ ಚಿತ್ರ ಬೇರೆ. ನಮ್ಮ ಮಾದಿಗರ ಹಟ್ಟಿಗೆ ಹಚ್ಚೆಯಮ್ಮ ಬರುತ್ತಿದ್ದುದು ಊರೆಲ್ಲ ಮುಗಿದ ಮೇಲೆ, ಕಡೆಗೆ. ರಾಗಿ ಇಸ್ಕೊಳ್ಳೋಳು, ಮುದ್ದೆ ಮುಟ್ಟುತ್ತಿರಲಿಲ್ಲ ಎಂದು ನಮ್ಮ ಮುದುಕಿಯರು ಹೇಳುತ್ತಾರೆ. ಕಾಳಿಗೆ ಮೈಲಿಗೆ ಇಲ್ಲ, ಬೆಂದದ್ದಕ್ಕೆ ಇದೆ. ಇದನ್ನು ಅಜ್ಜಿಯ ಮುಂದೆ ಇಟ್ಟೆ. ಅವಳು ಮುಚ್ಚಿಡಲಿಲ್ಲ. 'ಹಟ್ಟೀಲಿ ಉಂಡ್ರೆ ಊರೋರು ಜಗಲಿ ಹತ್ತುಸ್ತಿರ್ಲಿಲ್ಲ ನಾಯ್ನಾ. ಹೊಟ್ಟೆಪಾಡು' ಎಂದಳು. ಸ್ವಲ್ಪ ಹೊತ್ತು ಬಿಟ್ಟು, 'ಆದ್ರೆ ನಿಮ್ಮೋರ ಕೈಗೆ ಹಾಕಿದ್ದೇ ಜಾಸ್ತಿ. ಅವ್ರಿಗೆ ಬಂಗಾರ ಎಲ್ಲಿತ್ತು' ಅಂದಳು. ಜಾತಿ ಅಂದರೆ ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಎಂದು ಬಾಬಾಸಾಹೇಬರು ವಿವರಿಸಿದ್ದನ್ನು ನಾವು ಭಾಷಣದಲ್ಲಿ ಹೇಳುತ್ತೇವೆ. ಆ ಮೆಟ್ಟಿಲುಗಳನ್ನು ವರ್ಷಕ್ಕೊಮ್ಮೆ ಒಂದೇ ಬುಟ್ಟಿ ಹೊತ್ತು ಹತ್ತಿ ಇಳಿದವಳು ಈಕೆ. ಹಚ್ಚೆಯನ್ನು ಓದುವ ವಿಮರ್ಶೆಗೆ ಆ ಬಂಗಾರದ ಮಾತೂ ಕಾಣಬೇಕು, ಆ ಮುಟ್ಟದ ಮುದ್ದೆಯೂ ಕಾಣಬೇಕು. ತುಮಕೂರಿನ ಕವಿ ಕೆ.ಬಿ. ಸಿದ್ದಯ್ಯನವರು 'ದಕ್ಲಕಥಾದೇವಿ' ಬರೆದಾಗ ಮಾದಿಗರನ್ನೇ ಆಶ್ರಯಿಸಿ ಬದುಕುವ ದಕ್ಕಲಿಗರ ಕಡೆ ನಮ್ಮ ಮುಖ ತಿರುಗಿಸಿದರು. ಆ ದಿಕ್ಕಿನಲ್ಲಿ ನಾವು ಮುಂದೆ ಹೋದದ್ದು ಕಡಿಮೆ.

ಆಕೃತಿಗಳ ಹೆಸರಿನಲ್ಲೂ ಈ ಮೆಟ್ಟಿಲಿದೆ. ಜಾನಪದ ಬರಹಗಳಲ್ಲಿ ಕೃಷ್ಣನ ತೊಟ್ಟಿಲು ಎಂದು ಬರುವ ಚಿತ್ರ ಅಜ್ಜಿಗೆ ಬರೀ ತೊಟ್ಲು. 'ಕೂಸಿನ ತೊಟ್ಲು, ಇನ್ಯಾರ್ದು' ಎಂದು ಅವಳೇ ನನ್ನನ್ನು ಕೇಳಿದಳು. ದೇವರ ಹೆಸರು ಮೇಲಿನ ಮನೆಯಲ್ಲಿ ಕೂಡಿಕೊಂಡದ್ದೋ, ಪುಸ್ತಕದಲ್ಲಿ ಕೂಡಿಕೊಂಡದ್ದೋ, ವಿದ್ಯಾರ್ಥಿಗಳು ಊರೂರು ಸುತ್ತಿ ನೋಡಬೇಕಾದ ಕೆಲಸ.

ಇನ್ನು ಹೆಸರಿನ ವಿಷಯ. ಮೈಯ ಮೇಲೆ ಬರೆಯುವ ಅಧಿಕಾರವನ್ನು ಪ್ರಭುತ್ವವೂ ಚಲಾಯಿಸಿದೆ. ಕಂಪನಿ ಸರ್ಕಾರ ಬಂಗಾಳದಲ್ಲಿ 18ನೇ ಶತಮಾನದ ಕೊನೆಯಿಂದ ಜೀವಾವಧಿ ಕೈದಿಗಳ ಹಣೆಯ ಮೇಲೆ ಅವರ ಅಪರಾಧವನ್ನು ಹಚ್ಚೆಯಾಗಿ ಚುಚ್ಚಿಸುತ್ತಿತ್ತು. 1849ರಲ್ಲಿ ಅದು ನಿಂತಿತು. ಹಣೆ ಬಿಟ್ಟು ಬೆರಳು ಹಿಡಿದರು. 1871ರ ಅಪರಾಧಿ ಬುಡಕಟ್ಟು ಕಾಯಿದೆ 1911ರಲ್ಲಿ ಮದರಾಸು ಪ್ರೆಸಿಡೆನ್ಸಿಗೂ ಹಬ್ಬಿದಾಗ ಕೊರವರು, ಕೊರಚರು ಅದರ ಬಲೆಗೆ ಬಿದ್ದರು. ಹೆಸರು ರಿಜಿಸ್ಟರಿಗೆ, ಬೆರಳಚ್ಚು ರಿಜಿಸ್ಟರಿಗೆ, ಊರು ಬಿಡಬೇಕಾದರೆ ಹಾಜರಿ. ಇವರು ಹಿಂದೆ ಕತ್ತೆ, ಎತ್ತುಗಳ ಮೇಲೆ ಕರಾವಳಿಯ ಉಪ್ಪನ್ನು ಒಳನಾಡಿಗೆ ತಂದು ಕಾಳಿಗೆ ಬದಲಾಯಿಸುತ್ತಿದ್ದ ವ್ಯಾಪಾರಸ್ಥರು. ಉಪ್ಪಿನ ಮೇಲೆ ಸರ್ಕಾರದ ಹಿಡಿತ ಮತ್ತು ರೈಲು ಆ ವ್ಯಾಪಾರವನ್ನು ಮುರಿದವು, ಆಮೇಲೆ ಅಲೆಮಾರಿಗಳೆಲ್ಲ ಕಳ್ಳರಾದರು. ಈ ಚರಿತ್ರೆಯನ್ನು ಮೀನಾ ರಾಧಾಕೃಷ್ಣ ಅವರ 2001ರ ಇಂಗ್ಲಿಷ್ ಪುಸ್ತಕ ಚೆನ್ನಾಗಿ ಬಿಚ್ಚಿಡುತ್ತದೆ. ಪಾವಗಡ ಮೈಸೂರು ಸಂಸ್ಥಾನದ್ದು, ಸುತ್ತಲಿನ ಅನಂತಪುರ ಜಿಲ್ಲೆ ಮದರಾಸಿನದು. ತಿರುಗಾಡುವ ಹೆಂಗಸಿಗೆ ಒಂದು ಹಗಲಿನ ನಡಿಗೆಯಲ್ಲಿ ಎರಡು ಸರ್ಕಾರ, ಎರಡು ಠಾಣೆ. 1952ರ ಆಗಸ್ಟ್ 31ರಂದು ಆ ಕಾಯಿದೆ ರದ್ದಾಯಿತು. ಕರ್ನಾಟಕದ ರೂಢಿಗತ ಅಪರಾಧಿಗಳ ಕಾಯಿದೆ 1961ರದ್ದು. ಹಳೆ ಅಂಗಿ ಬಿಚ್ಚಿ ಹೊಸ ಅಂಗಿ.

ಅಜ್ಜಿ ತನ್ನ ಹೆಸರು ಬರೆಯಬೇಡ ಅಂದದ್ದು ಇದಕ್ಕೆ. 'ನಮ್ಮಪ್ಪನ ಹೆಸ್ರು ಬರ್ದಿದ್ರು ಪುಸ್ತಕ್ದಾಗೆ. ಯಾರ ಮನೇಲಿ ಕೋಳಿ ಹೋದ್ರೂ ಆ ಪುಸ್ತಕ ತೆಗೆಯೋರು.' ನಾನು ಬರೆಯುವ ಪುಸ್ತಕವೇ ಬೇರೆ ಎಂದು ವಿವರಿಸಲು ನೋಡಿದೆ. ಅವಳು ನಕ್ಕಳು. ಸಾವಿರ ಜನರ ಮೈಮೇಲೆ ಹೆಸರು ಬರೆದವಳಿಗೆ ತನ್ನ ಹೆಸರು ಕಾಗದದ ಮೇಲೆ ಬೀಳುವುದು ಅಂದರೆ ಠಾಣೆ. ಕಲಾವಿದೆಯ ಹೆಸರನ್ನು ದಾಖಲಿಸಿ ಎಂದು ನಾವು ವಿದ್ವಾಂಸರಿಗೆ ಹೇಳುವ ಮಾತು ಸರಿಯೇ. ಆದರೆ ದಾಖಲೆ ಎಂಬ ಪದವೇ ಯಾರಿಗೆ ಯಾವ ನೆನಪು ತರುತ್ತದೆ ಎಂದೂ ತಿಳಿದಿರಬೇಕು.

ಕನ್ನಡದ ಶಿಷ್ಟ ಲೋಕಕ್ಕೆ ಕೊರವಂಜಿ ಅಂದರೆ ಕಣಿ ಹೇಳುವ ಚೆಂದದ ವೇಷ. ಪದ್ಮಾವತಿಯ ಮನೆಗೆ ಶ್ರೀನಿವಾಸ ಆ ವೇಷದಲ್ಲೇ ಹೋದ. ರಾಶಿಯವರು 1942ರಲ್ಲಿ ಶುರುಮಾಡಿ ಇಪ್ಪತ್ತೈದು ವರ್ಷ ನಡೆಸಿದ ಹಾಸ್ಯ ಪತ್ರಿಕೆಯ ಹೆಸರೂ 'ಕೊರವಂಜಿ'. ಒಳ್ಳೆಯ ಪತ್ರಿಕೆಯೇ. ಆದರೆ ಬೆಂಗಳೂರಿನ ಓದುಗರು ಕೊರವಂಜಿಯನ್ನು ಓದಿ ನಗುತ್ತಿದ್ದ ಮೊದಲ ಹತ್ತು ವರ್ಷ, ನಿಜವಾದ ಕೊರವಂಜಿಯರ ಜನಾಂಗದ ಮೇಲೆ ಆ ಕಾಯಿದೆ ಜಾರಿಯಲ್ಲಿತ್ತು. ವೇಷಕ್ಕೆ ಅರಮನೆಯ ಒಳಗೆ ಪ್ರವೇಶ, ಮನುಷ್ಯಳಿಗೆ ಠಾಣೆಯ ಮುಂದೆ ಹಾಜರಿ.

ಬೇರೆ ಕಡೆ ಏನಾಯಿತು? ಫಿಲಿಪ್ಪೀನ್ಸಿನ ಕಲಿಂಗ ಬೆಟ್ಟಗಳಲ್ಲಿ ಮುಳ್ಳಿನಿಂದ ಹಚ್ಚೆ ಹಾಕುವ ವಾಂಗ್ ಓಡ್ ಎಂಬ ಮುದುಕಿ 2023ರ ಏಪ್ರಿಲ್‌ನಲ್ಲಿ, ತನ್ನ 106ನೇ ವಯಸ್ಸಿನಲ್ಲಿ, ಅಲ್ಲಿನ ವೋಗ್ ಪತ್ರಿಕೆಯ ಮುಖಪುಟಕ್ಕೆ ಬಂದಳು. ಬಿಹಾರದ ಮಿಥಿಲೆಯಲ್ಲಿ ದುಸಾಧ ಜಾತಿಯ ದಲಿತ ಹೆಂಗಸರು, ಅದರಲ್ಲೂ ಚಾನೋ ದೇವಿಯಂಥವರು, ಗೋದನಾ ಅಂದರೆ ಹಚ್ಚೆಯ ಆಕೃತಿಗಳನ್ನು ಕಾಗದಕ್ಕೆ ಇಳಿಸಿ ಮೇಲ್ಜಾತಿಗಳ ದೇವರ ಚಿತ್ರಗಳ ಪಕ್ಕದಲ್ಲಿ ತಮ್ಮದೊಂದು ಚಿತ್ರಶೈಲಿಯನ್ನೇ ಕಟ್ಟಿದರು, ರುಜು ಹಾಕಿದರು. ಇದು ದೊಡ್ಡ ಸಾಧನೆ. ಆದರೆ ಆ ಆಕೃತಿಗಳನ್ನು ಮನೆಮನೆಗೆ ಹೊತ್ತು ತಂದು ಚುಚ್ಚುತ್ತಿದ್ದ ನಟ ಜಾತಿಯ ಅಲೆಮಾರಿ ಹೆಂಗಸರ ರುಜು ಅಲ್ಲಿಯೂ ಇಲ್ಲ. ಛತ್ತೀಸಗಡದ ರಾಮನಾಮಿಗಳದು ಇನ್ನೊಂದು ದಾರಿ: ಗುಡಿಯೊಳಗೆ ಬಿಡದಿದ್ದಕ್ಕೆ ಮೈತುಂಬ ರಾಮನ ಹೆಸರನ್ನೇ ಚುಚ್ಚಿಸಿಕೊಂಡರು. ಅದರಲ್ಲಿ ಛಲವಿದೆ, ಆದರೆ ಬಾಗಿಲು ಹಾಕಿದ ದೇವರ ಹೆಸರನ್ನೇ ಹೊರುವ ಛಲ ಎಂಬುದರಿಂದ ನನಗೆ ಅದರ ಬಗ್ಗೆ ಪೂರಾ ಒಲವಿಲ್ಲ.

ನಮ್ಮ ಹುಡುಗರು ಈಗ ತೋಳಿನ ಮೇಲೆ ಬಾಬಾಸಾಹೇಬರ ಮುಖ, ಜೈ ಭೀಮ್ ಹಾಕಿಸಿಕೊಳ್ಳುತ್ತಾರೆ. ನನ್ನ ವಿದ್ಯಾರ್ಥಿಗಳಲ್ಲೇ ಇದ್ದಾರೆ. ಅದು ಟ್ಯಾಟೂ, ಹಚ್ಚೆಯಲ್ಲ ಅನ್ನುತ್ತಾರೆ. 1891ರಲ್ಲಿ ನ್ಯೂಯಾರ್ಕಿನಲ್ಲಿ ಪೇಟೆಂಟ್ ಪಡೆದ ವಿದ್ಯುತ್ ಯಂತ್ರದ ಮರಿಮಕ್ಕಳು ಆ ಅಂಗಡಿಗಳಲ್ಲಿವೆ, ಒಬ್ಬರಿಗೆ ಒಂದು ಸೂಜಿ, ಎಸೆದುಬಿಡುತ್ತಾರೆ. ಒಳ್ಳೆಯದೇ, ಒಂದೇ ಸೂಜಿಯಿಂದ ರಕ್ತದ ಕಾಯಿಲೆ ಹರಡುತ್ತದೆಂಬ ಭಯವೂ ಅಜ್ಜಿಯಂಥವರ ಕಸುಬಿಗೆ ಪೆಟ್ಟು ಕೊಟ್ಟಿತು, ಆ ಭಯ ಸುಳ್ಳೂ ಅಲ್ಲ. ಆದರೆ ಅದೇ ಹುಡುಗರಿಗೆ ತಮ್ಮ ಅಜ್ಜಿಯ ಗಲ್ಲದ ಚುಕ್ಕಿ ಕಂಡರೆ ನಾಚಿಕೆ.

ಕಸುಬಿಗೆ ಕಡೆಯ ಪೆಟ್ಟು ಬಿದ್ದದ್ದು ಕಾಳಿನಿಂದ. ಕ್ಯಾತಗಾನಚೆರ್ಲು, ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂತು. 2018ರ ಮಾರ್ಚ್ 1ರಂದು ಉದ್ಘಾಟನೆ. ಪೂರ್ತಿ ಸಾಮರ್ಥ್ಯ 2,050 ಮೆಗಾವ್ಯಾಟ್. ಜಮೀನುಳ್ಳವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ ಹಣ. ಬರಗಾಲದ ಸೀಮೆ, ಕಡಲೆಕಾಯಿ ಬಿತ್ತಿ ಬಿತ್ತಿ ಸೋತ ರೈತರು. ಅವರು ಒಪ್ಪಿದ್ದನ್ನು ತಪ್ಪೆನ್ನಲಾರೆ. ಜಮೀನಿಲ್ಲದವರಿಗೆ ಗುತ್ತಿಗೆ ಇಲ್ಲ, ಹೊಲದ ಕೂಲಿಯೂ ಇಲ್ಲ. ಕಣವಿಲ್ಲದ ಊರಲ್ಲಿ ಹಚ್ಚೆಗೆ ಮೊರದಲ್ಲಿ ಕಾಳು ಹಾಕುವವರಾರು? ಒಂದು ಊರಿಂದ ಇನ್ನೊಂದಕ್ಕೆ ಹೊಲದ ಬದುವಿನ ಮೇಲೆ ನಡೆಯುತ್ತಿದ್ದ ದಾರಿಗೆ ತಂತಿಬೇಲಿ ಬಂದಿದೆ.

ಇನ್ನೊಂದು ಬೇಲಿ ಕಾಗದದ್ದು. ಅಜ್ಜಿಯ ತಂಗಿಯನ್ನು ಕೊಟ್ಟಿರುವುದು ಗಡಿಯಾಚೆ. ಆಂಧ್ರದಲ್ಲಿ ಯರುಕುಲ, ಕೊರಚ ಪರಿಶಿಷ್ಟ ಪಂಗಡ. ಕರ್ನಾಟಕದಲ್ಲಿ ಕೊರಮ, ಕೊರಚ ಪರಿಶಿಷ್ಟ ಜಾತಿ. ಒಂದೇ ತಾಯ ಮಕ್ಕಳು, ಎರಡು ಪಟ್ಟಿ. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟು ಒಳಮೀಸಲಾತಿಗೆ ಒಪ್ಪಿಗೆ ಕೊಟ್ಟಿತು, 2025ರ ಆಗಸ್ಟ್‌ನಲ್ಲಿ ರಾಜ್ಯ ಸಚಿವ ಸಂಪುಟ ಆರು, ಆರು, ಐದು ಎಂದು ಭಾಗ ಮಾಡಿತು. ಒಳಮೀಸಲಾತಿಗಾಗಿ ಮಾದಿಗರು ಮೂರು ದಶಕ ಬೀದಿಯಲ್ಲಿ ನಿಂತವರು, ಅದು ನ್ಯಾಯ. ಈ ಚರ್ಚೆಯುದ್ದಕ್ಕೂ ಕೊರಮ, ಕೊರಚ, ಭೋವಿ, ಲಂಬಾಣಿಗಳನ್ನು ಒಟ್ಟಿಗೆ ಕರೆಯಲು ಬಳಕೆಯಾದ ಪದ 'ಸ್ಪೃಶ್ಯರು'. ಮುಟ್ಟಿಸಿಕೊಳ್ಳಬಹುದಾದವರು.

ಅಜ್ಜಿಗೆ ಈ ಪದದ ಅರ್ಥ ಹೇಳಿದೆ. ಜಗಲಿಯಿಂದ ಒಳಗೆ ಯಾವ ಮನೆಗೆ ಹೋಗಿದ್ದೆ ಎಂದು ಅವಳು ಬೆರಳು ಮಡಚಿ ಎಣಿಸತೊಡಗಿದಳು. ಮೂರು ಬೆರಳಿಗೆ ನಿಂತಿತು. ಮೂರೂ ಹಟ್ಟಿಯ ಮನೆಗಳು.